ಹುಳುಕಡ್ಡಿಗೆ ಮುಲಾಮೋ, ಮಾತ್ರೆಯೋ?

ಟರ್ಬಿನಾಫಿನ್ ಎಂಬ ಔಷಧವನ್ನು ಮುಲಾಮಾಗಿ ಹಚ್ಚಿದರೆ ಚಿಬ್ಬು ವಾಸಿಯಾಗುತ್ತದೆ. ಅದೇ ಔಷಧವನ್ನು ಮಾತ್ರೆಯಾಗಿ ನುಂಗಿದರೆ ಚಿಬ್ಬು ಜಗ್ಗುವುದಿಲ್ಲ. ಉಗುರಿಗೆ ಶಿಲೀಂಧ್ರ ಹತ್ತಿದಾಗ ಲೆಕ್ಕ ತಿರುವುಮುರುವು: ಮಾತ್ರೆ ನಾಟುತ್ತದೆ, ಮುಲಾಮು ಉಗುರಿನ ಮೇಲೆಯೇ ಒಣಗಿ ಹೋಗುತ್ತದೆ. ಔಷಧ ಒಂದೇ, ಎರಡೂ ಕಡೆ ಸಾಯಬೇಕಾದದ್ದು ಶಿಲೀಂಧ್ರವೇ. ಆದರೂ ಫಲ ಇಷ್ಟು ಬೇರೆಯಾಗುವುದೇಕೆ?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಔಷಧದಂಗಡಿಯ ಮುಂದೆ ದಿನವೂ ಕೇಳಿಬರುವ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ತೊಡೆಸಂದಿನಲ್ಲಿ ತುರಿಕೆ ಎದ್ದವರು, ಸೊಂಟದ ಸುತ್ತ ಕೆಂಪು ಬಳೆ ಮೂಡಿದವರು ಕೇಳುವುದು ಒಂದೇ: “ಹಚ್ಚುವುದು ಕೊಡುತ್ತೀರೋ, ನುಂಗುವುದು ಕೊಡುತ್ತೀರೋ? ಯಾವುದು ಸ್ಟ್ರಾಂಗು?” ಮಾತ್ರೆಯೇ ಹೆಚ್ಚು ಶಕ್ತಿಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಚರ್ಮದ ಶಿಲೀಂಧ್ರದ ವಿಷಯದಲ್ಲಿ ಶಕ್ತಿಯ ಮಾತು ಆಮೇಲಿನದು. ಶಿಲೀಂಧ್ರ ಕೂತಿರುವ ಜಾಗಕ್ಕೆ ಔಷಧ ತಲುಪುತ್ತದೆಯೇ, ತಲುಪಿದ ಮೇಲೆ ಸಾಕಷ್ಟು ದಿನ ಅಲ್ಲಿ ನಿಲ್ಲುತ್ತದೆಯೇ ಎಂಬುದು ಮೊದಲಿನದು.

ಸತ್ತ ಪದರದ ಒಕ್ಕಲು

ನಮ್ಮ ಚರ್ಮದ ತೀರಾ ಹೊರಗಿನ ಪದರ ಸತ್ತ ಜೀವಕೋಶಗಳದ್ದು. ಮೈಯ ಬಹುಭಾಗದಲ್ಲಿ ಅದರ ದಪ್ಪ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು; ಅಂಗೈ, ಅಂಗಾಲುಗಳಲ್ಲಿ ಮಾತ್ರ ಅದರ ಹಲವು ಪಟ್ಟು. ಈ ಪದರ ಗಟ್ಟಿಯಾಗಿರುವುದು ಕೆರಾಟಿನ್ ಎಂಬ ಪ್ರೋಟೀನಿನಿಂದ. ಕೂದಲು, ಉಗುರು ಕೂಡ ಕೆರಾಟಿನ್‌ನಿಂದಲೇ ಆದವು. ಹೆಚ್ಚಿನ ಸೂಕ್ಷ್ಮಜೀವಿಗಳಿಗೆ ಇದು ಜೀರ್ಣವಾಗದ ವಸ್ತು. ಟ್ರೈಕೋಫೈಟನ್, ಮೈಕ್ರೋಸ್ಪೋರಮ್, ಎಪಿಡರ್ಮೋಫೈಟನ್ ಎಂಬ ಮೂರು ಶಿಲೀಂಧ್ರ ಕುಲಗಳಿಗೆ ಇದೇ ಅನ್ನ. ಕೆರಾಟಿನ್ನನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸಿ, ಎಳೆಗಳನ್ನು ಚಾಚಿ, ಸತ್ತ ಪದರದೊಳಗೇ ಅವು ಹರಡುತ್ತವೆ. ಹುಳುಕಡ್ಡಿ, ಗಜಕರ್ಣ ಎಂದು ನಾವು ಕರೆಯುವ ಕಾಯಿಲೆ ಇದೇ.

ಈ ಶಿಲೀಂಧ್ರಗಳು ಸಾಮಾನ್ಯವಾಗಿ ಕೆಳಗಿನ ಜೀವಂತ ಪದರಕ್ಕೆ ಇಳಿಯುವುದಿಲ್ಲ. ಅಲ್ಲಿ ರಕ್ತದ ಕಾವಲಿದೆ. ಆದರೆ ಅವು ಬಿಡುವ ವಸ್ತುಗಳು ಕೆಳಗೆ ಇಳಿದಾಗ ದೇಹದ ರೋಗನಿರೋಧಕ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಕೆಂಪು, ಉರಿ, ತುರಿಕೆ ಆ ಎಚ್ಚರದ ಗುರುತುಗಳು. ಶಿಲೀಂಧ್ರ ಮೊದಲು ನೆಲೆಸಿದ ನಡುಭಾಗವನ್ನು ದೇಹ ಅಷ್ಟಿಷ್ಟು ತೆರವು ಮಾಡುತ್ತದೆ, ಅಷ್ಟರಲ್ಲಿ ಅದು ಅಂಚಿನ ಕಡೆಗೆ ಮುಂದುವರಿದಿರುತ್ತದೆ. ಹೀಗಾಗಿ ಬಳೆಯಂಥ ಆಕಾರ: ನಡುವೆ ಶಾಂತ, ಅಂಚಿನಲ್ಲಿ ಸಡಗರ.

ಚಿಬ್ಬಿನ ಶಿಲೀಂಧ್ರ ಬೇರೆ. ಅದು ಮಲಸೇಜಿಯಾ ಎಂಬ ಯೀಸ್ಟ್. ಎಲ್ಲರ ಚರ್ಮದ ಮೇಲೂ ಸದಾ ಇರುವಂಥದ್ದು. ಅದರ ಆಹಾರ ನಮ್ಮ ಮೈಯ ಜಿಡ್ಡು. ಸೆಕೆ, ಬೆವರು, ಎಣ್ಣೆ ಹೆಚ್ಚಾದಾಗ ಎದೆ, ಬೆನ್ನು, ತೋಳುಗಳಲ್ಲಿ ಅದು ಮಿತಿಮೀರಿ ಬೆಳೆದು ಬಿಳಿಚು ಅಥವಾ ಕಂದು ಮಚ್ಚೆಗಳನ್ನು ಮಾಡುತ್ತದೆ. ಮೂರನೆಯದು ಕ್ಯಾಂಡಿಡಾ. ಸದಾ ನೀರಿನಲ್ಲಿ ಕೈಯಾಡಿಸುವವರ ಬೆರಳ ಸಂದು, ಸ್ತನದ ಕೆಳಗಿನ ಮಡಿಕೆ, ಮಗುವಿನ ಡೈಪರಿನ ಜಾಗ ಅದಕ್ಕೆ ಇಷ್ಟ. ಒಂದೊಂದಕ್ಕೂ ಅದರದೇ ಜಾಗವಿದೆ, ಅದರದೇ ಔಷಧವಿದೆ.

ಕೊಲ್ಲುವುದು ಹೇಗೆ?

ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಬಗೆಬಗೆಯ ಔಷಧಗಳಿವೆ, ಏಕೆಂದರೆ ಅವುಗಳ ದೇಹದ ಕಟ್ಟಡ ನಮ್ಮದಕ್ಕಿಂತ ತೀರಾ ಬೇರೆ. ಶಿಲೀಂಧ್ರಗಳು ಹಾಗಲ್ಲ. ಜೀವವೃಕ್ಷದಲ್ಲಿ ಅವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು. ಅವಕ್ಕೆ ವಿಷವಾದದ್ದು ನಮಗೂ ವಿಷವಾಗುವ ಅಪಾಯ ಹೆಚ್ಚು. ಇರುವ ಕೆಲವೇ ವ್ಯತ್ಯಾಸಗಳಲ್ಲಿ ಮುಖ್ಯವಾದುದು ಜೀವಕೋಶದ ಪೊರೆಯದ್ದು. ನಮ್ಮ ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ ಅವುಗಳ ಪೊರೆಯಲ್ಲಿ ಎರ್ಗೋಸ್ಟರಾಲ್ ಇದೆ. ಕ್ಲೋಟ್ರಿಮಜೋಲ್, ಮೈಕೋನಜೋಲ್, ಲುಲಿಕೋನಜೋಲ್, ಫ್ಲೂಕೋನಜೋಲ್, ಇಟ್ರಾಕೋನಜೋಲ್ ಹೀಗೆ ‘ಅಜೋಲ್’ ಎಂದು ಮುಗಿಯುವ ಶಿಲೀಂಧ್ರನಾಶಕಗಳೆಲ್ಲ ಎರ್ಗೋಸ್ಟರಾಲ್ ತಯಾರಿಯ ಒಂದು ಹಂತವನ್ನು ತಡೆಯುತ್ತವೆ. ಟರ್ಬಿನಾಫಿನ್ ಅದಕ್ಕೂ ಹಿಂದಿನ ಹಂತವನ್ನು, ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಎರ್ಗೋಸ್ಟರಾಲ್‌ಗೆ ಬರ ಬೀಳುವುದಷ್ಟೇ ಅಲ್ಲ, ಬಳಕೆಯಾಗದ ಸ್ಕ್ವಾಲೀನ್ ಜೀವಕೋಶದೊಳಗೆ ತುಂಬಿ ಶಿಲೀಂಧ್ರವನ್ನು ಕೊಲ್ಲುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅಜೋಲ್‌ಗಳು ಬಹುಮಟ್ಟಿಗೆ ಬೆಳವಣಿಗೆಯನ್ನು ನಿಲ್ಲಿಸುತ್ತವೆ, ಒಂದೇ ಏಟಿಗೆ ಕೊಲ್ಲುವುದಿಲ್ಲ. ಹಾಗೆ ನಿಂತುಹೋದ ಶಿಲೀಂಧ್ರವನ್ನು ಮೈಯಿಂದ ಆಚೆ ಹಾಕುವ ಕೆಲಸ ಚರ್ಮದ್ದೇ. ಅಡಿಯಲ್ಲಿ ಹುಟ್ಟಿದ ಜೀವಕೋಶ ಮೇಲೇರಿ, ಸತ್ತು, ಹೊಟ್ಟಾಗಿ ಉದುರಲು ಸುಮಾರು ನಾಲ್ಕು ವಾರ ಬೇಕು. ಹಳೆಯ ಪದರ ಪೂರ್ತಿ ಉದುರುವ ತನಕ ಔಷಧದ ಪಹರೆ ಇರಬೇಕು. ತುರಿಕೆ ನಿಲ್ಲುವುದು ವಾರದೊಳಗೆ, ಪದರ ಬದಲಾಗುವುದು ತಿಂಗಳಿಗೆ. ನಡುವಿನ ಈ ಮೂರು ವಾರಗಳಲ್ಲಿ ಚಿಕಿತ್ಸೆ ಕೈಬಿಟ್ಟವರೇ ಮತ್ತೆ ಮತ್ತೆ ವೈದ್ಯರ ಬಾಗಿಲಿಗೆ ಬರುವವರು.

ಹಚ್ಚುವ ದಾರಿ

ಹಚ್ಚುವುದಕ್ಕೂ ನುಂಗುವುದಕ್ಕೂ ಇರುವ ವ್ಯತ್ಯಾಸ ತೋಟದವರಿಗೆ ಹೊಸದಲ್ಲ. ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಒಂದು ಕ್ರಮ, ತೆಂಗಿನ ಬೇರಿಗೆ ಔಷಧದ ಪೊಟ್ಟಣ ಕಟ್ಟಿ ಮರ ತಾನೇ ಹೀರಿಕೊಳ್ಳುವಂತೆ ಮಾಡುವುದು ಇನ್ನೊಂದು. ಎರಡಕ್ಕೂ ಅದರದರ ಜಾಗವಿದೆ.

ಮುಲಾಮಿನ ಇತಿಹಾಸ ಉದ್ದದ್ದು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ಚರ್ಮವೈದ್ಯ ಆರ್ಥರ್ ವಿಟ್‌ಫೀಲ್ಡ್ ಬೆನ್ಜೋಯಿಕ್ ಆಮ್ಲ ಮತ್ತು ಸ್ಯಾಲಿಸಿಲಿಕ್ ಆಮ್ಲ ಸೇರಿಸಿದ ಮುಲಾಮನ್ನು ಬಳಕೆಗೆ ತಂದರು. ಶೇ 6ರಷ್ಟು ಮೊದಲನೆಯದು, ಶೇ 3ರಷ್ಟು ಎರಡನೆಯದು. ಒಂದು ಶಿಲೀಂಧ್ರದ ಬೆಳವಣಿಗೆ ತಡೆದರೆ ಇನ್ನೊಂದು ಸತ್ತ ಪದರವನ್ನು ಬೇಗ ಉದುರಿಸುತ್ತದೆ. ಉರಿಯುತ್ತದೆ, ವಾಸನೆಯಿದೆ, ಆದರೂ ಅಗ್ಗದ ಈ ಮುಲಾಮು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಜಾಗ ಪಡೆದಿತ್ತು. 1960ರ ದಶಕದ ಕೊನೆಯ ಹೊತ್ತಿಗೆ ಕ್ಲೋಟ್ರಿಮಜೋಲ್, ಮೈಕೋನಜೋಲ್‌ಗಳು ಬಂದವು. ಉರಿಯಿಲ್ಲದೆ, ಬಟ್ಟೆಗೆ ಕಲೆಯಾಗದೆ ಕೆಲಸ ಮಾಡುವ ಮುಲಾಮುಗಳ ಕಾಲ ಅಲ್ಲಿಂದ ಶುರುವಾಯಿತು.

ಮೈಮೇಲಿನ ಮತ್ತು ತೊಡೆಸಂದಿನ ಹುಳುಕಡ್ಡಿಗೆ ಹಚ್ಚುವ ಔಷಧಗಳ ಕುರಿತ ಪ್ರಯೋಗಗಳನ್ನೆಲ್ಲ ಕಲೆಹಾಕಿ ಕಾಕ್ರೇನ್ ಸಂಸ್ಥೆ 2014ರಲ್ಲಿ ಪರಾಮರ್ಶೆಯೊಂದನ್ನು ಪ್ರಕಟಿಸಿತು. 129 ಪ್ರಯೋಗಗಳು, 18 ಸಾವಿರಕ್ಕೂ ಹೆಚ್ಚು ರೋಗಿಗಳು. ಔಷಧವಿಲ್ಲದ ಬರಿಯ ಮುಲಾಮಿಗಿಂತ ಟರ್ಬಿನಾಫಿನ್‌ನಂಥ ಮುಲಾಮುಗಳು ಸ್ಪಷ್ಟವಾಗಿ ಮೇಲು ಎಂದು ಅದರಿಂದ ತಿಳಿಯಿತು. ಅಂದರೆ ಸಣ್ಣ, ಹೊಸ ಹುಳುಕಡ್ಡಿಗೆ ಮುಲಾಮು ಸಾಕು. ಔಷಧ ನೇರವಾಗಿ ಶಿಲೀಂಧ್ರದ ನೆತ್ತಿಯ ಮೇಲೆ ಬೀಳುತ್ತದೆ, ರಕ್ತಕ್ಕೆ ಸೇರುವುದು ಲೆಕ್ಕಕ್ಕಿಲ್ಲದಷ್ಟು. ಗರ್ಭಿಣಿಯರಿಗೆ, ಲಿವರ್ ತೊಂದರೆ ಇರುವವರಿಗೆ, ಹತ್ತಾರು ಮಾತ್ರೆ ನುಂಗುವ ಹಿರಿಯರಿಗೆ ಇದೇ ಮೊದಲ ಆಯ್ಕೆ.

ಹಾಗಿದ್ದರೂ ಮುಲಾಮು ಸೋಲುವುದೇಕೆ? ಮೊದಲ ಕಾರಣ ಹಚ್ಚುವ ರೀತಿ. ನಮ್ಮ ದೇಶದ ಚರ್ಮವೈದ್ಯರು ರೋಗಿಗಳಿಗೆ ಹೇಳಿಕೊಡುವ ‘ಎರಡರ ಸೂತ್ರ’ ಇದಕ್ಕಾಗಿಯೇ ಇದೆ: ದಿನಕ್ಕೆ ಎರಡು ಸಲ, ಮಚ್ಚೆಯ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೆ, ವಾಸಿಯಾದಂತೆ ಕಂಡ ಮೇಲೂ ಎರಡು ವಾರ. ಶಿಲೀಂಧ್ರದ ಚುರುಕಾದ ಎಳೆಗಳಿರುವುದು ಅಂಚಿನಲ್ಲಿ. ತುರಿಸುವ ನಡುಭಾಗಕ್ಕೆ ಮಾತ್ರ ಹಚ್ಚಿದರೆ ಮುಂದಿನ ಸಾಲು ತಪ್ಪಿಸಿಕೊಳ್ಳುತ್ತದೆ.

ಎರಡನೆಯ ಕಾರಣ ಬರಿಯ ಗಣಿತ. ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ಎರಡು ಹಸ್ತಗಳಷ್ಟು ಜಾಗಕ್ಕೆ ಸಾಕು. ಒಬ್ಬರಿಗೆ ಸೊಂಟ, ಪೃಷ್ಠ, ತೊಡೆ ಸೇರಿ ಹತ್ತು ಹಸ್ತದಷ್ಟು ಹುಳುಕಡ್ಡಿ ಇದೆ ಎಂದುಕೊಳ್ಳಿ. ಒಂದು ಸಲಕ್ಕೆ ಎರಡೂವರೆ ಗ್ರಾಂ, ದಿನಕ್ಕೆ ಐದು ಗ್ರಾಂ, ನಾಲ್ಕು ವಾರಕ್ಕೆ 140 ಗ್ರಾಂ. 15 ಗ್ರಾಂನ ಟ್ಯೂಬು ಒಂಬತ್ತಕ್ಕಿಂತ ಹೆಚ್ಚು ಬೇಕು. ಒಂದು ಟ್ಯೂಬನ್ನು ತಿಂಗಳಿಡೀ ಸವರಿ “ಮುಲಾಮಿನಿಂದ ಏನೂ ಆಗಲಿಲ್ಲ” ಎನ್ನುವವರು ಬೇಕಾದ ಔಷಧದ ಒಂಬತ್ತನೇ ಒಂದು ಪಾಲನ್ನೂ ಹಚ್ಚಿರುವುದಿಲ್ಲ. ಬೆನ್ನಿಗೆ ಕೈಯೆಟುಕದಿರುವುದು, ಕೂಡುಕುಟುಂಬದ ಮನೆಯಲ್ಲಿ ತೊಡೆಸಂದಿಗೆ ಹಚ್ಚಿಕೊಳ್ಳಲು ಮರೆ ಸಿಗದಿರುವುದು, ಇವೂ ಚಿಕಿತ್ಸೆಯ ಲೆಕ್ಕದಲ್ಲಿ ಸೇರುತ್ತವೆ. ರೋಗ ಹೀಗೆ ಹಬ್ಬಿದಾಗ ವೈದ್ಯರು ಮಾತ್ರೆಯತ್ತ ಹೊರಳುವುದು ನ್ಯಾಯವೇ.

ಮೂರನೆಯದು ಜಾಗದ ಮಿತಿ. ಶಿಲೀಂಧ್ರ ಕೂದಲಿನ ಬುಡಕ್ಕೆ ಇಳಿದಿದ್ದರೆ, ಉಗುರಿನ ಕೆಳಗೆ ಸೇರಿದ್ದರೆ, ಅಂಗಾಲಿನ ದಪ್ಪ ಚರ್ಮದೊಳಗೆ ಹುದುಗಿದ್ದರೆ ಮೇಲಿನಿಂದ ಹಚ್ಚಿದ್ದು ಅಲ್ಲಿಗೆ ಇಳಿಯುವುದು ಕಷ್ಟ.

ನುಂಗುವ ದಾರಿ

ತಲೆಯ ಹುಳುಕಡ್ಡಿ ಹೆಚ್ಚಾಗಿ ಮಕ್ಕಳ ಕಾಯಿಲೆ. ಮಾತ್ರೆ ಬರುವ ಮೊದಲು ಅದಕ್ಕೆ ಮದ್ದು ಮಾಡುತ್ತಿದ್ದ ಬಗೆ ಓದಿದರೆ ಮೈ ಝುಂ ಎನ್ನುತ್ತದೆ. ಪ್ಯಾರಿಸ್ಸಿನ ರೇಮೊ ಸಾಬುರೋ 1904ರ ಸುಮಾರಿಗೆ ಎಕ್ಸ್‌ರೇ ಹಾಯಿಸಿ ತಲೆಗೂದಲೆಲ್ಲ ಉದುರುವಂತೆ ಮಾಡುವ ವಿಧಾನ ರೂಪಿಸಿದರು. ಶಿಲೀಂಧ್ರ ಹತ್ತಿದ ಕೂದಲೇ ಹೋದರೆ ರೋಗವೂ ಹೋದೀತು ಎಂಬುದು ಯೋಚನೆ. ಹಲವು ದೇಶಗಳಲ್ಲಿ ಅರ್ಧ ಶತಮಾನ ಇದೇ ನಡೆಯಿತು. ಇಸ್ರೇಲಿನಲ್ಲಿ ಹೀಗೆ ಎಕ್ಸ್‌ರೇ ಪಡೆದಿದ್ದ ಸುಮಾರು 11 ಸಾವಿರ ಮಂದಿಯ ಆರೋಗ್ಯವನ್ನು ಬರೂಕ್ ಮೋಡನ್ ಮತ್ತು ಸಂಗಡಿಗರು ಪರಿಶೀಲಿಸಿ 1974ರಲ್ಲಿ ಪ್ರಕಟಿಸಿದರು. ಅವರಲ್ಲಿ ಮಿದುಳಿನ ಗಡ್ಡೆ, ಥೈರಾಯ್ಡ್ ಕ್ಯಾನ್ಸರ್‌ಗಳು ಇತರರಿಗಿಂತ ಹೆಚ್ಚಾಗಿದ್ದವು.

ಈ ಪದ್ಧತಿಗೆ ಕೊನೆ ಹಾಡಿದ್ದು ಗ್ರಿಸಿಯೋಫಲ್ವಿನ್. ಪೆನಿಸಿಲಿಯಂ ಜಾತಿಯ ಬೂಷ್ಟಿನಿಂದ 1939ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್, ರೈಸ್ಟ್ರಿಕ್, ಸಿಮೊನಾರ್ ಎಂಬ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಕೆಲ ವರ್ಷಗಳ ಬಳಿಕ ಅದು ಶಿಲೀಂಧ್ರದ ಎಳೆಗಳನ್ನು ಸುರುಳಿ ಸುತ್ತಿಸುತ್ತದೆ ಎಂದು ಸಸ್ಯರೋಗದ ಸಂಶೋಧಕರು ಗಮನಿಸಿದರು. ಬಹಳ ಕಾಲ ಅದು ಬೆಳೆಗಳ ಮದ್ದಾಗಿಯೇ ಉಳಿಯಿತು. 1958ರಲ್ಲಿ ಗ್ಲಾಸ್ಗೋದ ಜೆ. ಸಿ. ಜೆಂಟಲ್ಸ್ ಹುಳುಕಡ್ಡಿ ಹತ್ತಿಸಿದ ಗಿನಿಯಿಲಿಗಳಿಗೆ ಅದನ್ನು ತಿನ್ನಿಸಿ ನೋಡಿದರು, ರೋಗ ವಾಸಿಯಾಯಿತು. ಬಾಯಿಯಿಂದ ಹೋದ ಔಷಧ ರಕ್ತದಲ್ಲಿ ಸುತ್ತಿ, ರಕ್ತವೇ ಇಲ್ಲದ ಸತ್ತ ಪದರಕ್ಕೆ ತಲುಪಬಹುದು ಎಂಬುದು ಆಗ ತಿಳಿಯಿತು.

ಅದು ತಲುಪುವ ದಾರಿಗಳು ಮೂರು. ಅಡಿಯ ಪದರದಲ್ಲಿ ಹೊಸದಾಗಿ ಹುಟ್ಟುವ ಜೀವಕೋಶಗಳು ರಕ್ತದಿಂದ ಔಷಧವನ್ನು ಹೀರಿಕೊಂಡು ಅದರೊಂದಿಗೇ ಮೇಲೇರುತ್ತವೆ. ಇದು ಭದ್ರವಾದ, ಆದರೆ ನಿಧಾನದ ದಾರಿ. ಎರಡನೆಯದು ಬೆವರು, ಮೂರನೆಯದು ಕೂದಲ ಬುಡದ ಗ್ರಂಥಿಗಳು ಸ್ರವಿಸುವ ಜಿಡ್ಡು. ಒಂದೊಂದು ಔಷಧಕ್ಕೂ ತನ್ನದೇ ದಾರಿ ಇದೆ. ಗ್ರಿಸಿಯೋಫಲ್ವಿನ್ ಬೆವರಿನಲ್ಲಿ ಬರುತ್ತದೆ, ಆದರೆ ಕೆರಾಟಿನ್‌ಗೆ ಗಟ್ಟಿಯಾಗಿ ಅಂಟುವುದಿಲ್ಲ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಚರ್ಮದಿಂದ ಮಾಯವಾಗುತ್ತದೆ. ಇಟ್ರಾಕೋನಜೋಲ್ ಕೆರಾಟಿನ್‌ಗೆ ಬಲವಾಗಿ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಅದರ ಸುಳಿವಿಲ್ಲದಾದ ಮೇಲೂ ಚರ್ಮದಲ್ಲಿ ಮೂರು ನಾಲ್ಕು ವಾರ ಉಳಿದಿರುತ್ತದೆ. ಟರ್ಬಿನಾಫಿನ್ ಜಿಡ್ಡಿನ ಮೂಲಕ ಹೇರಳವಾಗಿ ಬರುತ್ತದೆ, ಬೆವರಿನಲ್ಲಿ ಬರುವುದಿಲ್ಲ.

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಚಿಬ್ಬಿನ ಯೀಸ್ಟ್ ಇರುವುದು ಚರ್ಮದ ತೀರಾ ಹೊರತುದಿಯಲ್ಲಿ. ನುಂಗಿದ ಟರ್ಬಿನಾಫಿನ್ ಜಿಡ್ಡಿನ ಮೂಲಕ ಬಂದರೂ ಅಲ್ಲಿ ಮಲಸೇಜಿಯಾವನ್ನು ಸಾಯಿಸುವಷ್ಟು ಪ್ರಮಾಣಕ್ಕೆ ಏರುವುದೇ ಇಲ್ಲ. ಹಚ್ಚಿದ ಟರ್ಬಿನಾಫಿನ್ ಅದರ ಮೇಲೆಯೇ ಬೀಳುತ್ತದೆ. ಹಾಗಾಗಿ ಚಿಬ್ಬಿಗೆ ಸೆಲೆನಿಯಂ ಸಲ್ಫೈಡ್ ಅಥವಾ ಕೀಟೋಕೋನಜೋಲ್ ಶಾಂಪೂ, ಇಲ್ಲವೇ ಮುಲಾಮು ಸಾಕು. ಮೈತುಂಬ ಹರಡಿದ್ದರೆ, ಪದೇ ಪದೇ ಮರುಕಳಿಸಿದರೆ ಮಾತ್ರ ಫ್ಲೂಕೋನಜೋಲ್ ಅಥವಾ ಇಟ್ರಾಕೋನಜೋಲ್ ಮಾತ್ರೆಯ ಮಾತು. ಒಂದು ಎಚ್ಚರ: ಯೀಸ್ಟ್ ಸತ್ತ ಮೇಲೂ ಬಿಳಿಚು ಮಚ್ಚೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಣ್ಣ ಮರಳುವುದು ತಡವಾದರೆ ಔಷಧ ಸೋತಿತೆಂದು ಅರ್ಥವಲ್ಲ.

ತಲೆ ಮತ್ತು ಉಗುರು

ತಲೆಯ ಹುಳುಕಡ್ಡಿಯಲ್ಲಿ ಶಿಲೀಂಧ್ರ ಕೂದಲಿನ ಬುಡದೊಳಗೆ, ಚರ್ಮದ ಮಟ್ಟಕ್ಕಿಂತ ಕೆಳಗೆ ಇರುತ್ತದೆ. ಮುಲಾಮು, ಎಣ್ಣೆ, ಶಾಂಪೂ ಯಾವುದೂ ಅಲ್ಲಿಗೆ ಸಾಕಷ್ಟು ಇಳಿಯುವುದಿಲ್ಲ. ಇಲ್ಲಿ ನುಂಗುವ ಔಷಧ ಅನಿವಾರ್ಯ. ಮೈಕ್ರೋಸ್ಪೋರಮ್ ಜಾತಿಗೆ ಗ್ರಿಸಿಯೋಫಲ್ವಿನ್, ಟ್ರೈಕೋಫೈಟನ್ ಜಾತಿಗೆ ಟರ್ಬಿನಾಫಿನ್ ಹೆಚ್ಚು ಒಗ್ಗುತ್ತವೆ. ಶಾಂಪೂ ಜೊತೆಗಿದ್ದರೆ ಕೂದಲ ಮೇಲಿನ ಬೀಜಕಣಗಳು ಕಡಿಮೆಯಾಗಿ ಅಕ್ಕತಂಗಿಯರಿಗೆ, ಶಾಲೆಯ ಗೆಳೆಯರಿಗೆ ಹರಡುವುದು ತಗ್ಗುತ್ತದೆ.

ಉಗುರಿನ ಕಥೆ ತಾಳ್ಮೆಯದು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲುಗುರು ಅದರ ಅರ್ಧದಷ್ಟು ಅಥವಾ ಇನ್ನೂ ಕಡಿಮೆ. ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಯಾವ ಔಷಧವೂ ಕೆಟ್ಟ ಉಗುರನ್ನು ಸರಿಮಾಡುವುದಿಲ್ಲ; ಹೊಸ ಉಗುರು ಶುದ್ಧವಾಗಿ ಬೆಳೆದು ಹಳೆಯದನ್ನು ಮುಂದಕ್ಕೆ ತಳ್ಳುವವರೆಗೆ ಕಾವಲು ಕಾಯುವುದಷ್ಟೇ ಅದರ ಕೆಲಸ. ಟರ್ಬಿನಾಫಿನ್ ಮಾತ್ರೆಯನ್ನು ಕೈಯುಗುರಿಗೆ ಆರು ವಾರ, ಕಾಲುಗುರಿಗೆ ಹನ್ನೆರಡು ವಾರ ಕೊಡುವುದು ರೂಢಿ. ನಿಲ್ಲಿಸಿದ ಮೇಲೂ ಔಷಧ ಉಗುರಿನೊಳಗೆ ತಿಂಗಳುಗಟ್ಟಲೆ ಉಳಿದು ಕೆಲಸ ಮುಂದುವರಿಸುತ್ತದೆ.

ಯುರೋಪಿನಲ್ಲಿ ನಡೆದು 1999ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಹನ್ನೆರಡು ವಾರ ಟರ್ಬಿನಾಫಿನ್ ನುಂಗಿದವರಲ್ಲಿ ಶೇ 76ರಷ್ಟು ಮಂದಿಯ ಕಾಲುಗುರಿನಲ್ಲಿ 72ನೇ ವಾರಕ್ಕೆ ಶಿಲೀಂಧ್ರ ಪತ್ತೆಯಾಗಲಿಲ್ಲ. ತಿಂಗಳಿಗೊಂದು ವಾರದಂತೆ ಮೂರು ತಿಂಗಳು ಇಟ್ರಾಕೋನಜೋಲ್ ನುಂಗಿದವರಲ್ಲಿ ಈ ಪ್ರಮಾಣ ಶೇ 38. ಹಚ್ಚುವ ಔಷಧಗಳಲ್ಲಿ ಹೊಸದಾದ ಎಫಿನಕೋನಜೋಲ್ ದ್ರಾವಣವನ್ನು ವರ್ಷದ ಬಹುಭಾಗ ದಿನವೂ ಹಚ್ಚಿದವರಲ್ಲಿ ಪೂರ್ತಿ ಗುಣವಾದದ್ದು ಶೇ 15ರಿಂದ 18ರಷ್ಟು ಮಂದಿಗೆ. ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೇರವಾಗಿ ಹೋಲಿಸಲಾಗದು. ಮಾತ್ರೆಗಳ ಅಂಕಿಗಳು ಪ್ರಯೋಗಾಲಯದ ಪರೀಕ್ಷೆಯಲ್ಲಿ ಶಿಲೀಂಧ್ರ ಸಿಗದಿರುವುದನ್ನು ಮಾತ್ರ ಹೇಳುತ್ತವೆ. ಎಫಿನಕೋನಜೋಲ್‌ನ ಅಂಕಿ ಅದರ ಜೊತೆಗೆ ಉಗುರು ನೋಡಲೂ ಪೂರ್ತಿ ಸರಿಯಾಗಿರಬೇಕೆಂಬ ಬಿಗಿಯಾದ ಅಳತೆಗೋಲಿನದು. ಆದರೂ ಒಟ್ಟು ಚಿತ್ರ ಸ್ಪಷ್ಟ: ಹಲವು ಉಗುರುಗಳಿಗೆ, ಬುಡದವರೆಗೆ ರೋಗ ಹಬ್ಬಿದ್ದರೆ ಮಾತ್ರೆ, ಒಂದೆರಡು ಉಗುರಿನ ತುದಿಗೆ ಮಾತ್ರ ತಗುಲಿದ್ದರೆ, ಅಥವಾ ಮಾತ್ರೆ ಕೊಡುವಂತಿಲ್ಲದಿದ್ದರೆ, ಅಮೊರಾಲ್ಫಿನ್, ಸೈಕ್ಲೊಪಿರಾಕ್ಸ್‌ನಂಥ ಲೇಪನ.

ಮಾತ್ರೆ ಶುರುಮಾಡುವ ಮುನ್ನ ಪರೀಕ್ಷೆ ಮಾಡಿಸಬೇಕು. ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಶಿಲೀಂಧ್ರ ಕಾರಣ; ಸೋರಿಯಾಸಿಸ್, ಹಳೆಯ ಪೆಟ್ಟು, ಬಿಗಿಯಾದ ಬೂಟು ಕೂಡ ಅದೇ ರೂಪ ಕೊಡುತ್ತವೆ. ಹೆರೆದ ಪುಡಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಅಗ್ಗದ್ದು, ಸುಲಭದ್ದು.

ಮಾತ್ರೆ ತೆರಿಸುವ ಬೆಲೆ

ಬೆರಳಿನಷ್ಟು ಜಾಗದ ರೋಗಕ್ಕೆ ಇಡೀ ದೇಹಕ್ಕೆ ಔಷಧ ಉಣಿಸುವುದು ನುಂಗುವ ದಾರಿಯ ಮಿತಿ. ಕೀಟೋಕೋನಜೋಲ್ ಮಾತ್ರೆ ಇದಕ್ಕೆ ಪಾಠದಂಥ ಉದಾಹರಣೆ. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅದು ದಶಕಗಳ ಕಾಲ ಬಳಕೆಯಲ್ಲಿತ್ತು. ಲಿವರಿಗೆ ಗಂಭೀರ ಹಾನಿ ಮಾಡಬಲ್ಲದು ಎಂಬ ಕಾರಣಕ್ಕೆ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಚರ್ಮ, ಉಗುರುಗಳ ಸೋಂಕಿಗೆ ಅದನ್ನು ಕೊಡಬಾರದೆಂದರು. ಯುರೋಪಿನ ನಿಯಂತ್ರಕರು ಮಾರಾಟವನ್ನೇ ನಿಲ್ಲಿಸಲು ಶಿಫಾರಸು ಮಾಡಿದರು. ಅದೇ ಕೀಟೋಕೋನಜೋಲ್ ಶಾಂಪೂವಾಗಿ, ಮುಲಾಮಾಗಿ ಇಂದಿಗೂ ನಿಶ್ಚಿಂತೆಯಿಂದ ಬಳಕೆಯಲ್ಲಿದೆ.

ಉಳಿದ ಮಾತ್ರೆಗಳು ಅಷ್ಟು ಅಪಾಯದವಲ್ಲ, ಆದರೆ ಕಣ್ಣುಮುಚ್ಚಿ ನುಂಗುವಂಥವೂ ಅಲ್ಲ. ಟರ್ಬಿನಾಫಿನ್ ಅಪರೂಪಕ್ಕೆ ಲಿವರನ್ನು ಬಾಧಿಸುತ್ತದೆ, ಕೆಲವರಿಗೆ ನಾಲಗೆಯ ರುಚಿ ಕೆಡಿಸುತ್ತದೆ. ಇಟ್ರಾಕೋನಜೋಲ್ ಹೃದಯದ ಬಡಿತದ ಬಲ ತಗ್ಗಿಸಬಲ್ಲದು. ಹೃದಯ ವೈಫಲ್ಯ ಇರುವವರಿಗೆ ಹುಳುಕಡ್ಡಿಗಾಗಿ ಅದನ್ನು ಕೊಡಬಾರದು. ಸಿಮ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆಯ ಜೊತೆಗೂ ಅದು ಸಲ್ಲದು. ಫ್ಲೂಕೋನಜೋಲ್ ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ದೇಹದಲ್ಲಿ ಹೆಚ್ಚು ಹೊತ್ತು ಉಳಿಸಿ, ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸಬಹುದು. ಸಕ್ಕರೆ ಕಾಯಿಲೆಯವರಲ್ಲೇ ಶಿಲೀಂಧ್ರದ ಕಾಟ ಹೆಚ್ಚು ಎಂಬುದನ್ನು ನೆನೆದರೆ ಈ ಎಚ್ಚರದ ತೂಕ ತಿಳಿಯುತ್ತದೆ. ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೆಲ್ಲ ವೈದ್ಯರ ಮುಂದಿಡುವುದು ಅದಕ್ಕೇ ಮುಖ್ಯ.

ನುಂಗುವ ಹೊತ್ತೂ ಮುಖ್ಯ. ಇಟ್ರಾಕೋನಜೋಲ್ ಕ್ಯಾಪ್ಸೂಲ್ ಕರಗಲು ಹೊಟ್ಟೆಯ ಆಮ್ಲ ಬೇಕು, ಊಟದ ಜೊತೆಗೇ ತೆಗೆದುಕೊಳ್ಳಬೇಕು. ಗ್ಯಾಸ್ಟ್ರಿಕ್ಕಿಗೆಂದು ಬೆಳಗ್ಗೆ ಪ್ಯಾಂಟೊಪ್ರಜೋಲ್ ನುಂಗಿ, ಬರಿಹೊಟ್ಟೆಗೆ ಇಟ್ರಾಕೋನಜೋಲ್ ಹಾಕಿಕೊಂಡರೆ ಔಷಧದ ಬಹುಪಾಲು ಹೀರಿಕೆಯಾಗದೆ ವ್ಯರ್ಥವಾಗುತ್ತದೆ. ಗ್ರಿಸಿಯೋಫಲ್ವಿನ್‌ಗೆ ಎಣ್ಣೆ, ತುಪ್ಪದ ಊಟ ಜೊತೆಗಿರಬೇಕು.

ನಮ್ಮ ಕಾಲದ ಹಟಮಾರಿ

ಇಲ್ಲಿಯವರೆಗೆ ಹೇಳಿದ್ದು ಪುಸ್ತಕದ ಲೆಕ್ಕ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಭಾರತದಲ್ಲಿ ಈ ಲೆಕ್ಕ ಕೆಟ್ಟಿದೆ. ಮೊದಲು ಎರಡು ವಾರದ ಟರ್ಬಿನಾಫಿನ್‌ಗೆ ಮಣಿಯುತ್ತಿದ್ದ ಹುಳುಕಡ್ಡಿ ಈಗ ತಿಂಗಳುಗಟ್ಟಲೆ ಹೋಗುವುದಿಲ್ಲ, ಹೋದದ್ದು ಮರಳುತ್ತದೆ, ಮನೆಮಂದಿಗೆಲ್ಲ ಹಬ್ಬುತ್ತದೆ. ಇದರ ಹಿಂದಿರುವ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೋಫೈಟನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಇದರ ಅನೇಕ ತಳಿಗಳಲ್ಲಿ ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವ ತುಸು ರೂಪ ಬದಲಿಸಿಕೊಂಡಿದೆ. ಸರಪಳಿಯ 397ನೇ ಜಾಗದ ಒಂದು ಅಮೈನೊ ಆಮ್ಲ ಬದಲಾದರೆ ಸಾಕು, ಟರ್ಬಿನಾಫಿನ್‌ಗೆ ಹಿಡಿತ ಸಿಗುವುದಿಲ್ಲ. ಯುರೋಪು, ಇರಾನುಗಳಿಗೆ ಹರಡಿದ ಇದು 2023ರಲ್ಲಿ ನ್ಯೂಯಾರ್ಕಿನಲ್ಲೂ ವರದಿಯಾಯಿತು.

ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲದ ಹುಳುಕಡ್ಡಿಯ 200 ರೋಗಿಗಳನ್ನು ನಾಲ್ಕು ಗುಂಪು ಮಾಡಿ, ನಾಲ್ಕು ಬಗೆಯ ಮಾತ್ರೆ ಕೊಟ್ಟು ನೋಡಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ನಾಲ್ಕು ವಾರಕ್ಕೆ ಯಾವ ಗುಂಪಿನಲ್ಲೂ ಶೇ 8ಕ್ಕಿಂತ ಹೆಚ್ಚು ಮಂದಿ ಗುಣವಾಗಿರಲಿಲ್ಲ. ಎಂಟು ವಾರಕ್ಕೆ ಇಟ್ರಾಕೋನಜೋಲ್ ಗುಂಪಿನಲ್ಲಿ ಶೇ 66, ಫ್ಲೂಕೋನಜೋಲ್‌ನಲ್ಲಿ ಶೇ 42, ಟರ್ಬಿನಾಫಿನ್‌ನಲ್ಲಿ ಶೇ 28, ಗ್ರಿಸಿಯೋಫಲ್ವಿನ್‌ನಲ್ಲಿ ಶೇ 14 ಮಂದಿ ಗುಣವಾದರು. ಅಂದರೆ ಹೆಸರಾಂತ ಮಾತ್ರೆಗಳೂ ಈಗ ಮೊದಲಿನ ಭರವಸೆ ಉಳಿಸಿಕೊಂಡಿಲ್ಲ. ಇಂಥ ರೋಗಿಗಳಿಗೆ ವೈದ್ಯರು ಮಾತ್ರೆ ಮತ್ತು ಮುಲಾಮು ಎರಡನ್ನೂ ಜೊತೆಯಾಗಿ, ಹೆಚ್ಚು ಕಾಲ ಕೊಡುವುದು ರೂಢಿಯಾಗಿದೆ. ಒಂದು ಒಳಗಿನಿಂದ, ಒಂದು ಹೊರಗಿನಿಂದ.

ಈ ಅವಾಂತರಕ್ಕೆ ಶಿಲೀಂಧ್ರವೊಂದೇ ಹೊಣೆಯಲ್ಲ. ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಅಗ್ಗದ ಮುಲಾಮುಗಳು ವರ್ಷಗಟ್ಟಲೆ ಚೀಟಿಯಿಲ್ಲದೆ ಮಾರಾಟವಾದವು. ಸ್ಟೀರಾಯ್ಡ್ ಹಚ್ಚಿದ ಎರಡೇ ದಿನಕ್ಕೆ ತುರಿಕೆ, ಕೆಂಪು ಮಾಯ. ಮಾಯವಾದದ್ದು ದೇಹದ ಪ್ರತಿರೋಧ. ಶಿಲೀಂಧ್ರ ಅಡೆತಡೆಯಿಲ್ಲದೆ ಬೆಳೆಯುತ್ತದೆ. ಬಳೆಯ ಆಕಾರ ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತೊಡೆಸಂದಿನ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಬಿದ್ದು, ಅವು ಶಾಶ್ವತವಾಗಿ ಉಳಿಯುತ್ತವೆ. ಭಾರತದ ಚರ್ಮವೈದ್ಯರ ಸಂಘ ಇದರ ವಿರುದ್ಧ ಕಾರ್ಯಪಡೆ ರಚಿಸಿ ದನಿಯೆತ್ತಿತು. ಹಚ್ಚುವ ಸ್ಟೀರಾಯ್ಡ್‌ಗಳಿಗೆ ವೈದ್ಯರ ಚೀಟಿ ಬೇಕೆಂಬ ನಿಯಮವನ್ನು ಸರ್ಕಾರ 2018ರಲ್ಲಿ ಬಿಗಿಗೊಳಿಸಿತು. ನಿಯಮ ಬಂದರೂ ಕೇಳಿದವರಿಗೆ ಟ್ಯೂಬು ಸಿಗುವುದು ನಿಂತಿಲ್ಲ.

ಬಟ್ಟೆ, ಉಡಿದಾರ, ಬಚ್ಚಲು

ಹಚ್ಚಿ ನುಂಗಿದರೂ ಹೋಗದ ಹುಳುಕಡ್ಡಿಯ ಗುಟ್ಟು ಎಷ್ಟೋ ಸಲ ಬಟ್ಟೆಯಲ್ಲಿರುತ್ತದೆ. ಉದುರಿದ ಹೊಟ್ಟಿನಲ್ಲಿ ಶಿಲೀಂಧ್ರ ತಿಂಗಳುಗಟ್ಟಲೆ ಬದುಕಿರಬಲ್ಲದು. ಮನೆಮಂದಿಗೆಲ್ಲ ಒಂದೇ ಟವೆಲು, ಒಂದೇ ಬುಟ್ಟಿಯಲ್ಲಿ ಕೊಳೆಬಟ್ಟೆ, ಬಿಗಿಯಾದ ಜೀನ್ಸು, ಲಂಗದ ಲಾಡಿ ಒತ್ತುವ ಸೊಂಟ, ಇವೆಲ್ಲ ಅದಕ್ಕೆ ಅನುಕೂಲ. ಉಡಿದಾರದ್ದು ವಿಶೇಷ ಪಾತ್ರ: ಸ್ನಾನದ ಬಳಿಕವೂ ಒದ್ದೆಯಾಗೇ ಉಳಿದು, ಹೊಟ್ಟನ್ನು ಹಿಡಿದಿಟ್ಟುಕೊಂಡು, ವಾಸಿಯಾದ ಸೊಂಟಕ್ಕೆ ಮತ್ತೆ ರೋಗ ಹತ್ತಿಸುತ್ತದೆ. ಚಿಕಿತ್ಸೆ ಮುಗಿಯುವವರೆಗೆ ಅದನ್ನು ತೆಗೆದಿಡುವುದು ಒಳ್ಳೆಯದು. ರೋಗಿಯ ಬಟ್ಟೆಯನ್ನು ಬೇರೆಯಾಗಿ, 60 ಡಿಗ್ರಿಗೂ ಹೆಚ್ಚು ಬಿಸಿಯ ನೀರಿನಲ್ಲಿ ನೆನೆಸಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಬಚ್ಚಲ ಹಂಡೆಯ ಕುದಿನೀರು, ಹೊಲಿಗೆಯ ಮೇಲೆ ಒತ್ತಿ ಹಾಯಿಸಿದ ಇಸ್ತ್ರಿ ನೆರವಿಗೆ ಬರುತ್ತವೆ. ಅರೆಬರೆ ಒಣಗಿದ ಒಳಉಡುಪು ಮಾತ್ರ ಬೇಡ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು.

ಹಾಗಾದರೆ ಯಾವುದು ಮೇಲು? ಹಸ್ತದಗಲದ ಹೊಸ ಹುಳುಕಡ್ಡಿಗೆ, ಚಿಬ್ಬಿಗೆ, ಬೆರಳ ಸಂದಿನ ಕ್ಯಾಂಡಿಡಾಕ್ಕೆ ಮುಲಾಮು. ತಲೆಯ ಹುಳುಕಡ್ಡಿಗೆ, ಬುಡದವರೆಗೆ ಕೆಟ್ಟ ಉಗುರಿಗೆ ಮಾತ್ರೆ. ಮೈಯಲ್ಲಿ ಹಲವೆಡೆ ಹಬ್ಬಿದ, ಮರುಕಳಿಸಿದ, ಸ್ಟೀರಾಯ್ಡ್ ಸವರಿ ಕೆಡಿಸಿಕೊಂಡ ಹುಳುಕಡ್ಡಿಗೆ ಚರ್ಮವೈದ್ಯರ ಉಸ್ತುವಾರಿಯಲ್ಲಿ ಎರಡೂ. ಮುಂದಿನ ಸಲ ತುರಿಕೆಯ ಮುಲಾಮು ಕೈಗೆ ಬಂದಾಗ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಕಂಡರೆ ಹುಳುಕಡ್ಡಿಗೆ ಹಚ್ಚಬೇಡಿ, ಅಂಗಡಿಯವರಿಗೇ ಹಿಂದಿರುಗಿಸಿ. ಸರಿಯಾದ ಔಷಧ ಸಿಕ್ಕ ಮೇಲೆ, ತುರಿಕೆ ನಿಂತಿತೆಂದು ನಡುವೆ ಬಿಡಬೇಡಿ.